ಮೂರು ಆಫರ್, ಒಂದು ಸಾಲದ ಕಂತು

ಈ ಪ್ರಕರಣದಲ್ಲಿ ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಸುಮಾ ಎಂದು ಕರೆಯೋಣ.

ಸುಮಾ ವಿಜಯಪುರದಲ್ಲೇ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಮುಗಿಸಿದವಳು. ಊರು ತಿಕೋಟಾ ಕಡೆ, ಅಪ್ಪನದು ದ್ರಾಕ್ಷಿ ತೋಟ. ಮನೆತನದಲ್ಲಿ ಎಂಜಿನಿಯರ್ ಆದವರು ಇವಳೇ ಮೊದಲು. ಯಾವ ಕೆಲಸ ಹಿಡಿಯಲಿ ಎಂದು ಸಲಹೆ ಕೇಳಲು ನನ್ನ ಹತ್ತಿರ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು, ಅದರಲ್ಲಿ ಮೂರು ಆಫರ್‌ಗಳ ಪ್ರಿಂಟ್. ನಿದ್ದೆ ಹತ್ತುತ್ತಿಲ್ಲ, ಊಟ ಸೇರುತ್ತಿಲ್ಲ. "ಕೆಲಸ ಸಿಗಲಾರದವ್ರು ಅಳ್ತಾರ್ರೀ ಮೇಡಂ, ನಾ ಸಿಕ್ಕದ್ದಕ್ಕ ಅಳಾಕತ್ತೀನಿ" ಎಂದಳು. ಕೆಲಸ ಸಿಗದ ಗೆಳತಿಯರ ಮುಂದೆ ಇದನ್ನು ಹೇಳಿಕೊಳ್ಳಲೂ ಆಗದು. ಒಳಗೇ ಇಟ್ಟುಕೊಂಡು ಒದ್ದಾಡಿದ್ದಳು.

ಮೊದಲನೆಯದು ಕ್ಯಾಂಪಸ್ಸಿನಲ್ಲಿ ಸಿಕ್ಕ ದೊಡ್ಡ ಸರ್ವಿಸ್ ಕಂಪನಿ, ವರ್ಷಕ್ಕೆ 3.6 ಲಕ್ಷ. ಎರಡನೆಯದು ಬೆಂಗಳೂರಿನ ಸ್ಟಾರ್ಟಪ್, 7 ಲಕ್ಷ. ಮೂರನೆಯದು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್‌ಗಳಿಗೆ ಸಾಫ್ಟ್‌ವೇರ್ ಬರೆಯುವ ಒಂದು ಸಣ್ಣ ಕಂಪನಿ. ಅಲ್ಲಿ 3 ಲಕ್ಷ, ಜೊತೆಗೆ ಎರಡು ವರ್ಷದ ಬಾಂಡ್, ಅಂದರೆ ಅಷ್ಟರೊಳಗೆ ಬಿಟ್ಟರೆ ದುಡ್ಡು ಕಟ್ಟಬೇಕು. ಇವಲ್ಲದೆ ಕಾಕಾ ಒಂದು ಕನ್ಸಲ್ಟೆನ್ಸಿ ಹುಡುಕಿ ತಂದಿದ್ದರು. ಒಂದೂವರೆ ಲಕ್ಷ ಡಿಪಾಸಿಟ್ ಕಟ್ಟಿದರೆ ಕೆಲಸ ಗ್ಯಾರಂಟಿಯಂತೆ. ಅದನ್ನು ಅಲ್ಲೇ ಬಿಡಿಸಿದೆ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ನಮ್ಮಿಂದ ದುಡ್ಡು ಕೇಳುವುದಿಲ್ಲ.

ಮನೆಯಲ್ಲಿ ತಲೆಗೊಂದು ಮಾತು. ಕಾಕಾನಿಗೆ 7 ಲಕ್ಷ ಬಿಟ್ಟರೆ ಬೇರೆ ಕಾಣುತ್ತಿಲ್ಲ. ಅವ್ವನಿಗೆ ಬೆಳಗಾವಿ ಸಾಕು, ಬೆಳಗ್ಗೆ ಬಸ್ ಹತ್ತಿದರೆ ಮಧ್ಯಾಹ್ನ ಮಗಳು ಮನೆಯಲ್ಲಿ. ಅಪ್ಪ ಮಾತ್ರ ದೊಡ್ಡ ಕಂಪನಿಯ ಹೆಸರನ್ನು ಆಗಲೇ ಊರೆಲ್ಲ ಹೇಳಿಬಿಟ್ಟಿದ್ದಾರೆ. "ನಿನಗೇನು ಬೇಕು?" ಎಂದು ಕೇಳಿದೆ. ಸುಮ್ಮನೆ ಫೈಲಿನ ಬಟನ್ ಒತ್ತುತ್ತ ಕೂತಳು.

ಹೀಗಿರುವಾಗ ಮನಸ್ಸಿನ ಮಾತಿಗೆ ನೇರ ಹೋದರೆ ಉಪಯೋಗವಿಲ್ಲ. ಮೊದಲು ಕಾಗದ ಓದಬೇಕು. ಒಂದೊಂದನ್ನೂ ಜೋರಾಗಿ ಓದು ಎಂದೆ.

ದೊಡ್ಡ ಕಂಪನಿಯ ಕಾಗದದ ಮೇಲೆ 'ಲೆಟರ್ ಆಫ್ ಇಂಟೆಂಟ್' ಎಂದಿತ್ತು. ಸೇರುವ ತಾರೀಖು ಇರಲಿಲ್ಲ, 'ಮುಂದೆ ತಿಳಿಸಲಾಗುವುದು' ಎಂದಷ್ಟೇ. ಅದು ಕೆಲಸ ಕೊಡುವ ಮನಸ್ಸಿದೆ ಎಂದು ಹೇಳುವ ಪತ್ರ, ನೇಮಕಾತಿ ಆದೇಶವಲ್ಲ. 2022ರಲ್ಲಿ ಪಾಸಾದ ಎಷ್ಟೋ ಹುಡುಗರು ಇಂಥ ಪತ್ರ ಹಿಡಿದು ಎರಡು ವರ್ಷದವರೆಗೂ ಕಾದಿದ್ದಾರೆ. ಹಾಗಂತ ಅದನ್ನು ಹರಿದು ಹಾಕಬೇಕಿಲ್ಲ. ಆದರೆ ಅದೊಂದನ್ನೇ ನಂಬಿ ಕೈಲಿರುವುದನ್ನು ಬಿಡಬಾರದು.

ಎರಡನೇ ಸಲ ಬರುವಾಗ ಅಪ್ಪನನ್ನು ಕರೆದುಕೊಂಡು ಬಾ ಎಂದೆ. ಬಂದರು. ಹೆಚ್ಚು ಓದಿದವರಲ್ಲ, ಆದರೆ ಅವತ್ತು ಎಲ್ಲರಿಗಿಂತ ಸರಿಯಾದ ಪ್ರಶ್ನೆ ಕೇಳಿದ್ದು ಅವರೇ. ಸಿಟಿಸಿ ಎಂದರೆ ಒಬ್ಬ ನೌಕರನ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳವಲ್ಲ ಅಂತ ನಾನು ವಿವರಿಸುತ್ತಿದ್ದೆ. ನಡುವೆಯೇ ಅಂದರು: "ಗಿಡದಾಗಿನ ದ್ರಾಕ್ಷಿ ತೂಕ ಹೇಳಿದಂಗಾತಲ್ರೀ ಇದು. ಒಣಗಿಸಿದ ಮ್ಯಾಲ ಎಷ್ಟ ಉಳೀತೈತಿ ಹೇಳ್ರಿ."

ಲೆಕ್ಕ ಹಾಕಿದೆವು. ಸ್ಟಾರ್ಟಪ್‌ನ 7 ಲಕ್ಷದಲ್ಲಿ 1 ಲಕ್ಷ ವೇರಿಯಬಲ್, ಅಂದರೆ ಕೊಟ್ಟರೆ ಉಂಟು. 1 ಲಕ್ಷ ಎರಡು ವರ್ಷ ತುಂಬಿದ ಮೇಲೆ. 50 ಸಾವಿರ ಜಾಯಿನಿಂಗ್ ಬೋನಸ್, ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು. ಉಳಿದದ್ದು 4.5 ಲಕ್ಷ. ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) ಮತ್ತು ಕೆಲಸ ಬಿಡುವಾಗ ಕೊಡುವ ಇಡುಗಂಟಾದ ಗ್ರಾಚ್ಯುಟಿಯನ್ನೂ ಇದರಲ್ಲೇ ಸೇರಿಸಿರುತ್ತಾರೆ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುವುದು ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆ. ನಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದರೆ ತಿಂಗಳಿಗೆ ಕೈಗೆ ಸುಮಾರು 33 ಸಾವಿರ. ಹೀಗೇ ನೋಡಿದರೆ ದೊಡ್ಡ ಕಂಪನಿಯಲ್ಲಿ 25 ಸಾವಿರ, ಬೆಳಗಾವಿಯಲ್ಲಿ 21 ಸಾವಿರ. ಪಿಜಿ, ಊಟ, ಓಡಾಟಕ್ಕೆ ಬೆಂಗಳೂರಿನಲ್ಲಿ 17 ಸಾವಿರ, ಬೆಳಗಾವಿಯಲ್ಲಿ 10 ಸಾವಿರ ಎಂದು ಹಿಡಿದೆವು. ಉಳಿಯುವುದು ಸ್ಟಾರ್ಟಪ್‌ನಲ್ಲಿ 16 ಸಾವಿರ, ಬೆಳಗಾವಿಯಲ್ಲಿ 11 ಸಾವಿರ, ದೊಡ್ಡ ಕಂಪನಿಯಲ್ಲಿ, ಅದಕ್ಕೂ ಬೆಂಗಳೂರಿನ ಖರ್ಚನ್ನೇ ಹಿಡಿದು, 8 ಸಾವಿರ.

ಮನೆಗೆ ಎಷ್ಟು ಬೇಕು ಎಂಬುದು ಅಪ್ಪನ ಬಾಯಿಂದಲೇ ಬರಬೇಕಿತ್ತು. ಮಗಳ ಓದಿಗೆ ಬ್ಯಾಂಕಿನಿಂದ ತೆಗೆದ ಸಾಲ ಬಡ್ಡಿ ಸೇರಿ 4 ಲಕ್ಷ. ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ. ಆಮೇಲೆ ಏಳು ವರ್ಷಕ್ಕೆ ಹಾಕಿದರೆ ತಿಂಗಳಿಗೆ ಸುಮಾರು 6,600. "ನಾ ಕಟ್ತೀನಿ ಅಂತ ಹೇಳಾಕ ಆಗೂದಿಲ್ರೀ. ಅಕ್ಟೋಬರ್ ಚಾಟ್ನಿಗೇ ರೊಕ್ಕ ಸಾಲೂದಿಲ್ಲ. ಕಂತು ಇಕಿನ ಕಟ್ಟಬೇಕು. ಅದರ ಮ್ಯಾಲಿಂದು ನಮಗ ಬ್ಯಾಡ" ಎಂದರು. ಚಾಟ್ನಿ ಎಂದರೆ ದ್ರಾಕ್ಷಿ ಗಿಡ ಸವರುವ ಕೆಲಸ. ಸುಮಾ ತಲೆಯೆತ್ತಿ ನೋಡಿದಳು. ತೋಟದ ಸಾಲವೂ ತನ್ನ ತಲೆ ಮೇಲೆ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಅಪ್ಪ ಹಾಗೆ ಎಂದೂ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ.

ನನ್ನ ಪ್ರಕಾರ ಈ ಪ್ರಕರಣದ ಗಂಟು ಬಿಚ್ಚಿದ್ದು ಇಲ್ಲೇ. 6,600 ಎಂಬ ಗೆರೆಯನ್ನು ಮೂರೂ ಕೆಲಸಗಳು ದಾಟುತ್ತವೆ. ದಾಟಿದ ಮೇಲೆ ದುಡ್ಡಿನ ಹೋಲಿಕೆಗೆ ಮೊದಲಿನ ತೂಕವಿಲ್ಲ. ಹೊಸ ಎಂಜಿನಿಯರ್‌ಗೆ ಮೊದಲ ಎರಡು ವರ್ಷದಲ್ಲಿ ಬೇಕಾದದ್ದು ಬರೆದ ಕೋಡನ್ನು ಓದಿ, ಇಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಎಂದು ಹೇಳಿಕೊಡುವ ಒಬ್ಬ ಹಿರಿಯ. ಅಂಥವರು ದೊಡ್ಡ ಕಂಪನಿಯಲ್ಲೂ ಇರುತ್ತಾರೆ, ಸಣ್ಣದರಲ್ಲೂ ಇರುತ್ತಾರೆ, ಎರಡೂ ಕಡೆ ಇಲ್ಲದೆಯೂ ಇರಬಹುದು. ಬೋರ್ಡ್ ನೋಡಿ ಗೊತ್ತಾಗುವುದಿಲ್ಲ, ಕೇಳಿಯೇ ತಿಳಿಯಬೇಕು.

ಸ್ಟಾರ್ಟಪ್, ಬೆಳಗಾವಿ ಎರಡೂ ಕಡೆಗೆ ಮೇಲ್ ಬರೆಯಲು ಹೇಳಿದೆ. ನಾನು ಯಾವ ತಂಡದಲ್ಲಿ ಇರುತ್ತೇನೆ? ನನ್ನ ಕೋಡ್ ಯಾರು ನೋಡುತ್ತಾರೆ? ಕಳೆದ ವರ್ಷ ಸೇರಿದ ಹೊಸಬರು ಈಗ ಏನು ಮಾಡುತ್ತಿದ್ದಾರೆ? ಪ್ರೊಬೇಷನ್‌ನಲ್ಲಿ, ಅಂದರೆ ಮೊದಲ ಪರೀಕ್ಷಾ ಅವಧಿಯಲ್ಲಿ, ತೆಗೆದರೆ ಎಷ್ಟು ದಿನದ ನೋಟಿಸ್? ವೇರಿಯಬಲ್ ಹೋದ ವರ್ಷ ಎಷ್ಟು ಸಿಕ್ಕಿತು? ಕೇಳಿದರೆ ಆಫರ್ ವಾಪಸ್ ತಗೊಂಡ್ರೆ ಅಂತ ಹೆದರಿದಳು. ಮರ್ಯಾದೆಯಿಂದ ಕೇಳಿದ ಪ್ರಶ್ನೆಗೆ ಸಿಟ್ಟಾಗುವ ಕಂಪನಿ ಎಂಥದ್ದು ಎಂಬುದು ಸೇರುವ ಮುಂಚೆಯೇ ಗೊತ್ತಾದರೆ ಒಳ್ಳೆಯದೇ ಅಲ್ವಾ?

ಬಾಂಡ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಟ್ಟೆ, ನಮ್ಮ ಕಡೆಯ ಮಕ್ಕಳು ಇದಕ್ಕೆ ಬಹಳ ಹೆದರುತ್ತಾರೆ. ಕೆಲವರು ಬಾಂಡ್ ಎಂದರೆ ಜೀತ ಎನ್ನುತ್ತಾರೆ, ಕೆಲವರು ಬರೀ ಕಾಗದ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ. ಎರಡೂ ಸರಿಯಲ್ಲ. ಕೆಲಸ ಬಿಟ್ಟ ಮೇಲೆ ಬೇರೆಲ್ಲೂ ದುಡಿಯಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ನಿಲ್ಲುವುದು ಕಷ್ಟ. ಆದರೆ ಇಷ್ಟು ದಿನ ಇರುತ್ತೇನೆ, ಬಿಟ್ಟರೆ ಇಷ್ಟು ಕೊಡುತ್ತೇನೆ ಎಂಬುದು ಬೇರೆ ಮಾತು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಬ್ಯಾಂಕೊಂದರ ಮೂರು ವರ್ಷ, 2 ಲಕ್ಷದ ಇಂಥ ಷರತ್ತನ್ನು ಎತ್ತಿಹಿಡಿದಿದೆ. ಅದಕ್ಕೇ ಸಹಿಗೆ ಮುಂಚೆ ಮೊತ್ತ, ಅವಧಿ ಎರಡನ್ನೂ ಕಡಿಮೆ ಮಾಡಿ ಎಂದು ಕೇಳಬೇಕು. ಒಬ್ಬ ವಕೀಲರಿಗೆ ತೋರಿಸಬೇಕು. ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾರ ಕೈಗೂ ಒತ್ತೆ ಕೊಡಬೇಡ ಎಂದೆ.

ಸ್ಟಾರ್ಟಪ್‌ನವರು ನೋಟಿಸ್ ಬಗ್ಗೆ ಸ್ಪಷ್ಟವಾಗಿ ಬರೆದರು. ಕೋಡ್ ಯಾರು ನೋಡುತ್ತಾರೆ ಎಂಬುದಕ್ಕೆ ಬಂದ ಉತ್ತರ, ಇಲ್ಲಿ ಎಲ್ಲರೂ ತಾವೇ ಕಲಿಯುತ್ತಾರೆ. ವೇರಿಯಬಲ್ ಬಗ್ಗೆ ಫೋನಿನಲ್ಲಿ ಮಾತಾಡೋಣ ಎಂದರು. ಬೆಳಗಾವಿಯವರು ಒಂದು ದಿನ ಬಂದು ಕೂತು ನೋಡಿ ಎಂದು ಕರೆದರು. ಹೋಗಿ ಬಂದಳು. ಹಿಂದಿನ ವರ್ಷ ಸೇರಿದ ಹುಡುಗನೊಬ್ಬ ಬರೆದ ಪ್ರೋಗ್ರಾಂ ಕುಲುಮೆಯ ಶಾಖದ ಅಂಕಿ ತಪ್ಪು ತೋರಿಸುತ್ತಿತ್ತಂತೆ. ಹಿರಿಯ ಎಂಜಿನಿಯರ್ ತಾವು ಕೀಬೋರ್ಡ್ ಮುಟ್ಟದೆ, ಬರೀ ಪ್ರಶ್ನೆ ಕೇಳುತ್ತ ಅವನಿಂದಲೇ ತಪ್ಪು ಹುಡುಕಿಸಿದರಂತೆ. ಇದನ್ನು ಹೇಳುವಾಗ ಅವಳ ಮುಖ ಅರಳಿತ್ತು. ಯಾವುದು ಬೇಕು ಎಂದು ನಾನು ಮತ್ತೆ ಕೇಳಲಿಲ್ಲ.

ಕಾಕಾ ಇನ್ನೂ ಒಪ್ಪಿಲ್ಲ. ಒಪ್ಪಿಸುವ ಕೆಲಸ ನಿನ್ನದಲ್ಲ, ಅಪ್ಪ ಅವರ ಹತ್ತಿರ ಮಾತಾಡಲಿ ಎಂದೆ. ಸ್ಟಾರ್ಟಪ್‌ಗೆ ಅಂದೇ, ಧನ್ಯವಾದ ಹೇಳಿ ಬರುವುದಿಲ್ಲ ಎಂದು ಬರೆಸಿದೆ. ತಡ ಮಾಡಿದರೆ ಆ ಜಾಗಕ್ಕೆ ಕಾದಿರುವ ಇನ್ನೊಬ್ಬರಿಗೆ ಅನ್ಯಾಯ. ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗೂ ವಿಷಯ ತಿಳಿಸಿದಳು. ಬೆಳಗಾವಿಯವರು ಬಾಂಡನ್ನು ಹದಿನೆಂಟು ತಿಂಗಳಿಗೆ ಇಳಿಸಿದರು. ಬಿಟ್ಟರೆ ಕಟ್ಟಬೇಕಾದ ಮೊತ್ತ ತಿಂಗಳು ತಿಂಗಳು ಕಡಿಮೆಯಾಗುತ್ತ ಹೋಗುತ್ತದೆ ಎಂಬ ಸಾಲನ್ನೂ ಸೇರಿಸಿದರು. ವಕೀಲರು ಓದಿದ ಮೇಲೆ ಸುಮಾ ಸಹಿ ಹಾಕಿದಳು.