5 ತಿಂಗಳ ಮಗು ತೊಟ್ಟಿಲಿಗೆ ಹಾಕಿದ ಕೂಡಲೇ ಎದ್ದುಬಿಡುತ್ತೆ, ಹಗಲು ಹೊತ್ತು ಮಲಗಿಸೋದು ಹೇಗೆ?

ನೀವು ಮೂರು ವಿಷಯ ಕೇಳಿದ್ದೀರಿ: ಹೆಗಲ ಮೇಲೆ ನಿದ್ದೆ ಹೋದ ಮಗು ತೊಟ್ಟಿಲಿಗೆ ಹಾಕಿದರೆ ಎಚ್ಚರಾಗುತ್ತೆ, ಮಲಗಿದರೂ ಅರ್ಧ ಗಂಟೆಗೇ ಏಳುತ್ತೆ, ಜಾಯಿಕಾಯಿ ತೇಯ್ದು ನೆಕ್ಕಿಸಿ ಅಂತ ನಿಮ್ಮ ಅತ್ತೆ ಹೇಳ್ತಿದ್ದಾರೆ. ಕೊನೆಯದಕ್ಕೇ ಮೊದಲು ಉತ್ತರ ಹೇಳಿಬಿಡ್ತೀನಿ: ಬೇಡ. ಜಾಯಿಕಾಯಿಯಲ್ಲಿರೋ ಮಿರಿಸ್ಟಿಸಿನ್ ಅನ್ನೋ ರಾಸಾಯನಿಕ ನೇರ ಮೆದುಳಿನ ಮೇಲೆ ಕೆಲಸ ಮಾಡುವಂಥದ್ದು. ಕಲ್ಲಿನ ಮೇಲೆ ಎರಡು ಸುತ್ತು ತೇಯ್ದರೆ ಎಷ್ಟು ಬಂತು, ನಾಲ್ಕು ಸುತ್ತಿಗೆ ಎಷ್ಟು ಅಂತ ಅಳೆಯೋರು ಯಾರು? ಅದರಿಂದ ಬರೋದು ಮಂಪರು. 6 ತಿಂಗಳು ತುಂಬೋವರೆಗೆ ಎದೆಹಾಲು ಬಿಟ್ಟರೆ ನೀರೂ ಕೊಡಬಾರದು. ಅತ್ತೆಯವರ ಹತ್ತಿರ ವಾದಕ್ಕೆ ಇಳಿಯಬೇಡಿ, 'ಡಾಕ್ಟರು ಬೇಡ ಅಂದಿದ್ದಾರೆ' ಅಂತ ಡಾಕ್ಟರ ತಲೆ ಮೇಲೆ ಹಾಕಿಬಿಡಿ.

ನಾವು ಹಾಸನದವರು. ಹೆಂಡತಿ ಆಫೀಸಿಗೆ ಹೋಗ್ತಾಳೆ, ನನ್ನದು ಮನೆಯಿಂದಲೇ ಕೆಲಸ, ಹಾಗಾಗಿ ಮಗಳ ಹಗಲು ನಿದ್ದೆ ನನ್ನ ಪಾಲಿಗೆ ಬಂತು. ಹೇಗೆ ಮಲಗಿಸ್ತೀರಿ ಅನ್ನೋದಕ್ಕಿಂತ ಯಾವಾಗ ಮಲಗಿಸ್ತೀರಿ ಅನ್ನೋದೇ ಮುಖ್ಯ ಅಂತ ನನ್ನ ಲೆಕ್ಕ. ಈ ವಯಸ್ಸಿನ ಮಗುವಿಗೆ ಎದ್ದ ಮೇಲೆ ಒಂದೂವರೆಯಿಂದ ಎರಡು ಗಂಟೆ ಆಡಿದರೆ ಸಾಕಾಗುತ್ತೆ. ರಚ್ಚೆ ಹಿಡಿದ ಮೇಲೆ 'ಓ, ನಿದ್ದೆ ಬಂದಿದೆ' ಅಂತ ಎತ್ತಿಕೊಂಡರೆ ಆಗಲೇ ಹೊತ್ತು ಮೀರಿರುತ್ತೆ. ಅದಕ್ಕೂ ಮುಂಚೆ ಮಗು ಹೇಳಿರುತ್ತೆ: ಆಟದ ಸಾಮಾನಿಂದ ಮುಖ ತಿರುಗಿಸುತ್ತೆ, ಎಲ್ಲೋ ನೋಡ್ತಾ ಸುಮ್ಮನಾಗುತ್ತೆ, ಹುಬ್ಬಿನ ಹತ್ತಿರ ತುಸು ಕೆಂಪಾಗುತ್ತೆ. ಕಣ್ಣುಜ್ಜಿ ಕಿವಿ ಎಳೆದುಕೊಳ್ಳೋ ಹೊತ್ತಿಗೆ ನೀವು ಕೋಣೆಯೊಳಗಿರಬೇಕು. ಹಗಲು ಮಲಗದಿದ್ದರೆ ರಾತ್ರಿ ಚೆನ್ನಾಗಿ ಮಲಗುತ್ತೆ ಅಂತ ಪಕ್ಕದ ಮನೆಯವರು ಹೇಳಿಯೇ ಹೇಳ್ತಾರೆ, ನಂಬಬೇಡಿ. ವಿಪರೀತ ದಣಿದ ಮಗು ರಾತ್ರಿಯೂ ಅತ್ತು ಅತ್ತು ಏಳುತ್ತೆ.

ಈಗ ತೊಟ್ಟಿಲಿನ ಸಮಸ್ಯೆ. ಕಣ್ಣು ಮುಚ್ಚಿದ ಕೂಡಲೇ ಇಳಿಸಬೇಡಿ, ಆಗ ಇನ್ನೂ ಹಗುರ ನಿದ್ದೆ, ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡ್ತಿರುತ್ತೆ. ಮಗುವಿನ ಕೈಯನ್ನು ಮೆಲ್ಲಗೆ ಎತ್ತಿ ಬಿಡಿ. ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದರೆ ಇಳಿಸಬಹುದು. ಇಳಿಸುವಾಗ ತಲೆ ಮೊದಲು ಕೆಳಗೆ ಹೋದರೆ ಬಿದ್ದ ಹಾಗನ್ನಿಸಿ ಬೆಚ್ಚಿ ಎರಡೂ ಕೈ ಅಗಲಿಸುತ್ತೆ. ಅದಕ್ಕೇ ಮೊದಲು ಕುಂಡೆ, ಆಮೇಲೆ ಬೆನ್ನು, ಕೊನೆಗೆ ತಲೆ. ಕತ್ತಿನ ಕೆಳಗಿನ ಕೈಯನ್ನು ಅವಸರದಲ್ಲಿ ಎಳೆಯಬೇಡಿ. ಇನ್ನೊಂದು ಅಂಗೈ ಎದೆಯ ಮೇಲೆ ಸ್ವಲ್ಪ ಹೊತ್ತು ಇರಲಿ, ಮಿಸುಕಿದರೆ ಅಲ್ಲೇ ತಟ್ಟಿ. ದಿನಕ್ಕೊಂದು ಸಲವಾದರೂ ಅರೆನಿದ್ದೆಯಲ್ಲೇ ಮಲಗಿಸಿ ನೋಡಿ, ತೊಟ್ಟಿಲಲ್ಲೇ ನಿದ್ದೆ ಹೋದ ಮಗುವಿಗೆ ಎಚ್ಚರಾದಾಗ 'ಎಲ್ಲಿದ್ದೀನಿ' ಅಂತ ಗಾಬರಿ ಇರಲ್ಲ. ಜೋಗುಳ ಒಂದೇ ಇರಲಿ, ದಿನಾ ಅದೇ. ಶ್ರುತಿ ತಪ್ಪಿದರೆ ಮಗು ದೂರು ಕೊಡಲ್ಲ.

ಸೀರೆ ಜೋಲಿಯಲ್ಲಿ ಬೇಗ ಮಲಗೋದು ನಿಜ. ಆದರೆ ಬೆನ್ನು ಬಾಗಿ ಗಲ್ಲ ಎದೆಗೆ ಒತ್ತಿದರೆ ಉಸಿರಿಗೆ ಕಷ್ಟ. ಜೋಂಪು ಹತ್ತಿಸೋಕೆ ತೂಗಿ, ಮಗುವನ್ನು ಬಿಟ್ಟು ಆಚೀಚೆ ಹೋಗಬೇಡಿ, ಮಲಗಿದ ಮೇಲೆ ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಹಾಕಿ. ಸಾಸಿವೆ ದಿಂಬೂ ಬೇಡ. ಮಗುಚಿಕೊಳ್ಳೋಕೆ ಶುರು ಮಾಡಿದ್ದರೆ ಬಟ್ಟೆ ಸುತ್ತಿ ಕಟ್ಟೋದನ್ನೂ ನಿಲ್ಲಿಸಿ.

ಕೋಣೆ ತುಸು ಕತ್ತಲಾಗಿರಲಿ, ಕಿಟಕಿಗೆ ಹಳೇ ಬೆಡ್‌ಶೀಟ್ ಸಾಕು. ಪಿಸುಮಾತಿನಲ್ಲಿ ಬದುಕೋ ಅಗತ್ಯ ಇಲ್ಲ, ಫ್ಯಾನಿನಂಥ ಒಂದೇ ಸಮನೆ ಸದ್ದು ಒಳ್ಳೆಯದೇ. ನನ್ನ ಹೆಂಡತಿಯ ತವರು ಮೂಡಿಗೆರೆ ಕಡೆ. ಹೆಂಚಿನ ಮೇಲೆ ಮಳೆ ಸುರೀತಿದ್ದರೆ ಅಲ್ಲಿ ಯಾರೂ ಮಗುವನ್ನು ಮಲಗಿಸಬೇಕಾಗಿಲ್ಲ. ಅಲ್ಲಿನ ಕಷ್ಟ ಬೇರೆ: ಚಳಿ ಅಂತ ಕುಲಾವಿ, ಸ್ವೆಟರ್, ಕಾಲುಚೀಲ, ಅದರ ಮೇಲೆ ಕಂಬಳಿ. ಮೈ ಬಿಸಿಯಾದ ಮಗು ಮಲಗಲ್ಲ, ಮೈ ಅತಿಯಾಗಿ ಕಾಯೋದು ಅಪಾಯವೂ ಹೌದು. ಅಂಗೈ ಅಂಗಾಲು ತಣ್ಣಗಿರೋದು ಸಹಜ, ಕತ್ತಿನ ಹಿಂದೆ ಬೆರಳಿಟ್ಟು ನೋಡಿ, ಬೆವರಿದ್ದರೆ ಒಂದು ಪದರ ತೆಗೀರಿ. ಮನೆಯೊಳಗೆ ಮಲಗಿಸುವಾಗ ಕುಲಾವಿ ಬೇಕಿಲ್ಲ. ಎಣ್ಣೆ ಹಚ್ಚಿ ನೀರು ಹಾಕೋದು ಬಹಳ ಒಳ್ಳೇ ಅಭ್ಯಾಸ, ಆಮೇಲೆ ಹಾಲು ಕುಡಿದು ತೇಗಿದರೆ ದಿನದ ಅತಿ ಉದ್ದದ ನಿದ್ದೆ ಅದೇ. ಸಾಂಬ್ರಾಣಿ ಹೊಗೆ ಮಾತ್ರ ಬೇಡ.

ಇನ್ನು ಅರ್ಧ ಗಂಟೆಗೇ ಏಳೋದು. ಈ ವಯಸ್ಸಿನಲ್ಲಿ ನಿದ್ದೆಯ ಒಂದು ಸುತ್ತೇ ಮುಕ್ಕಾಲು ಗಂಟೆ ಆಸುಪಾಸು, ಮುಂದಿನ ಸುತ್ತಿಗೆ ಜಾರೋದು ಇನ್ನೂ ಕಲಿತಿರಲ್ಲ. ಎಚ್ಚರಾದ ಕೂಡಲೇ ಎತ್ತದೆ ಒಂದೆರಡು ನಿಮಿಷ ತಟ್ಟಿ ನೋಡಿ. ನಗ್ತಾ ಕೈಕಾಲು ಆಡಿಸ್ತಿದ್ದರೆ ಅದಕ್ಕೆ ಅಷ್ಟೇ ಸಾಕಾಗಿದೆ ಅಂತ ಬಿಟ್ಟುಬಿಡಿ. ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ಆಗ್ತಿದೆಯಾ ಅಂತ ನೋಡಿದರೆ ಸಾಕು. ಅಂಗನವಾಡಿಯಲ್ಲಿ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ತೂಕ ಏರದಿದ್ದರೆ, ನಿದ್ದೆಯಲ್ಲಿ ಗೊರಕೆ ಹೊಡೀತಿದ್ದರೆ, ಹಾಲು ಕುಡಿಯೋಕೂ ಏಳದೆ ಜಡವಾಗಿದ್ದರೆ ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.