ಓದುಗರ ಪ್ರಶ್ನೆ: ಪಕ್ಕದ ಕುರ್ಚಿಯ ಪಾಠ

ಪ್ರಶ್ನೆ: ದಕ್ಷಿಣ ಸುಡಾನ್ ಸ್ವತಂತ್ರವಾದಾಗ ನೆರೆ ದೇಶಗಳ ಸರ್ಕಾರಿ ನೌಕರರು ಹೋಗಿ ಅಲ್ಲಿನವರಿಗೆ ಕೆಲಸ ಕಲಿಸಿದರಂತೆ. ಒಂದು ವಾರದ ತರಬೇತಿ ಶಿಬಿರ ಸಾಲದಿತ್ತೇ?

ಉತ್ತರ: ಸಾಲದು. ಶಿಬಿರದಲ್ಲಿ ನಿಯಮ ಕಲಿಯಬಹುದು; ಮೇಜಿಗೆ ಬರುವುದು ನಿಯಮಕ್ಕೆ ಸರಿಹೊಂದದ ಕಡತ. 2011ರ ಜುಲೈ 9ರಂದು ಹುಟ್ಟಿದ ಆ ದೇಶಕ್ಕೆ ಕೀನ್ಯಾ, ಉಗಾಂಡ, ಇಥಿಯೋಪಿಯಗಳಿಂದ ಸುಮಾರು 200 ನೌಕರರು ಎರಡು ವರ್ಷದ ಎರವಲು ಸೇವೆಯ ಮೇಲೆ ಹೋದರು. ಸಂಬಳ ತವರು ಸರ್ಕಾರದ್ದು, ಭತ್ಯೆ ನಾರ್ವೆ ಕೊಟ್ಟ ಹಣದಿಂದ. ಒಬ್ಬೊಬ್ಬರಿಗೂ ಸ್ಥಳೀಯ ಅಧಿಕಾರಿಯ ‘ಜೋಡಿ’: ಹೋದವರು ಗುರು, ಜೋಡಿ ಕಲಿಯುವವರು.

ಹೀಗೆ ಪಕ್ಕದಲ್ಲಿ ಕೂತು ಕಲಿಸುವುದಕ್ಕೆ ಕೋಚಿಂಗ್, ಮೆಂಟರಿಂಗ್ ಎನ್ನುತ್ತಾರೆ. ನಮ್ಮಲ್ಲಿ ಕೋಚಿಂಗ್ ಎಂದರೆ ಕೆಎಎಸ್ ಪರೀಕ್ಷೆಯ ಕ್ಲಾಸು. ಇಲ್ಲಿ ಹಾಗಲ್ಲ. ‘ಈ ಬಿಲ್ ಯಾಕೆ ನಿಂತಿದೆ? ಮುಂದೇನು ಮಾಡುತ್ತೀರಿ?’ ಎಂದು ಕೇಳಿ ಉತ್ತರವನ್ನು ಅವರಿಂದಲೇ ಹೊರಡಿಸುವುದು ಕೋಚಿಂಗ್. ‘ನಮ್ಮ ಇಲಾಖೆಯಲ್ಲಿ ಹೀಗೆ ಬಿಡಿಸಿದ್ದೆವು’ ಎನ್ನುವುದು ಮೆಂಟರಿಂಗ್. ಎರಡೂ ಬೇಕು.

ಮೊದಲ ಒಂದೆರಡು ವಾರ ಗುರು ಸುಮ್ಮನೆ ನೋಡಬೇಕು: ಟಪಾಲು ಎಲ್ಲಿಗೆ ಬರುತ್ತದೆ, ಎಲ್ಲಿ ಮಲಗುತ್ತದೆ. ಆಮೇಲೆ ಇಬ್ಬರೂ ಕೂತು ಎರಡೋ ಮೂರೋ ಕೆಲಸ ಆರಿಸಿಕೊಳ್ಳಬೇಕು. ತಿಂಗಳ ವೇತನ ಪಟ್ಟಿಯನ್ನೇ ತೆಗೆದುಕೊಳ್ಳಿ. ಮೊದಲ ತಿಂಗಳು ಗುರು ಮಾಡಿ ತೋರಿಸುತ್ತಾರೆ, ಎರಡನೆಯದನ್ನು ಇಬ್ಬರೂ ಸೇರಿ ಮಾಡುತ್ತಾರೆ, ಮೂರನೆಯದನ್ನು ಜೋಡಿ ಒಬ್ಬರೇ ಮಾಡುತ್ತಾರೆ, ಗುರು ತಿದ್ದುತ್ತಾರೆ. ಸಹಿ ಮಾತ್ರ ಮೊದಲ ದಿನದಿಂದಲೂ ಜೋಡಿಯದೇ.

ಕೆಡುವುದು ಇಲ್ಲೇ. ಸಚಿವರಿಗೆ ಸಂಜೆಯೊಳಗೆ ಟಿಪ್ಪಣಿ ಬೇಕು. ಗುರು ತಾನೇ ಬರೆದುಕೊಡುತ್ತಾರೆ. ಎಲ್ಲರಿಗೂ ಖುಷಿ. ನಾಲ್ಕು ಸಲ ಹೀಗಾದರೆ ಗುರು ಗುಮಾಸ್ತರಾಗುತ್ತಾರೆ, ಜೋಡಿ ಚಹಾಕ್ಕೆ ಹೋಗುತ್ತಾರೆ.

ಭಾಷೆಯ ತೊಡಕು ಬೇರೆ. ಸರ್ಕಾರದ ಭಾಷೆ ಇಂಗ್ಲಿಷ್, ಆದರೆ ಬಹಳ ಅಧಿಕಾರಿಗಳು ಓದಿದ್ದು ಅರಬ್ಬಿಯಲ್ಲಿ. ಕರಡು ಬರೆಯಲು ಹಿಂಜರಿಕೆ ಎಂದರೆ ಕೆಲಸ ಬಾರದೆಂದಲ್ಲ. ಬಾಯಲ್ಲಿ ಹೇಳಿಸಿ, ಆಮೇಲೆ ಬರೆಸಬೇಕು. ಗುರುವಿನ ವರದಿ ಮೇಲಧಿಕಾರಿಯ ಕೈಗೆ ಹೋಗುತ್ತದೆಂದು ಗೊತ್ತಾದರೆ ಜೋಡಿ ತಪ್ಪುಗಳನ್ನು ಮುಚ್ಚಿಡುತ್ತಾರೆ. ಇಬ್ಬರ ಮಾತು ಇಬ್ಬರಲ್ಲೇ ಇರಬೇಕು.

ಕೋಚಿಂಗ್‌ಗೆ ಎಟುಕದ ಸಂಗತಿಗಳೂ ಇವೆ. 2012ರ ಜನವರಿಯಲ್ಲಿ ತೈಲೋತ್ಪಾದನೆ ನಿಂತು ಬೊಕ್ಕಸ ಬರಿದಾಯಿತು. 2013ರ ಡಿಸೆಂಬರ್‌ನಲ್ಲಿ ರಾಜಧಾನಿ ಜುಬಾದಲ್ಲೇ ಕಾಳಗ ಶುರುವಾಯಿತು.

ಪ್ರಶ್ನೆ: ಕಲಿತರೆಂದು ತಿಳಿಯುವುದು ಹೇಗೆ?

ಉತ್ತರ: ಸಂಬಳ ಬಟವಾಡೆಯ ವಾರವೇ ಗುರು ರಜೆ ಹಾಕಲಿ. ಪಟ್ಟಿ ಹೊತ್ತಿಗೆ ಸರಿಯಾಗಿ ಹೊರಟಿತೇ, ಎಷ್ಟು ತಪ್ಪು ವಾಪಸು ಬಂದವು, ಎಣಿಸಿ.