ಚಿತ್ರಕ್ಕೆ ಸಿಗದ ಮುಖ

ಪುತ್ತೂರಿನ ನಿವೃತ್ತ ಉಪನ್ಯಾಸಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಜಪಾನಿನ ಜುಂಜಿ ಇಟೊ ಅವರ ಭಯಾನಕ ಮಾಂಗಾಗಳ, ಅಂದರೆ ಚಿತ್ರಕತೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಅವರ ಮೊಮ್ಮಗಳು ಒಂದು ಪುಸ್ತಕ ತರಿಸಿಕೊಂಡಳಂತೆ. ಅದು ಜಪಾನಿ ಲೇಖಕ ಒಸಾಮು ದಜಾಯಿ ಅವರ 'ನಿಂಗೆನ್ ಶಿಕ್ಕಾಕು' ಕಾದಂಬರಿಯ ಮಾಂಗಾ ರೂಪ. ಮೂಲವನ್ನು ಇಂಗ್ಲಿಷಿನಲ್ಲಿ ಹಿಂದೆಯೇ ಓದಿದ್ದ ಅಜ್ಜನಿಗೆ ಇದನ್ನು ತಿರುವಿಹಾಕಿ ಬೇಸರವಾಗಿದೆ. "ಪಿಸುಮಾತಿನ ಕಾದಂಬರಿಗೆ ಪಿಶಾಚಿಗಳನ್ನು ತಂದು ಕೂರಿಸಿದ್ದಾರೆ. ಇದನ್ನು ನೋಡಿದ ಮಕ್ಕಳು ಮೂಲವನ್ನು ಯಾಕಾದರೂ ಓದುತ್ತಾರೆ? ನಾಳೆ ನಮ್ಮ ಕಾದಂಬರಿಗಳಿಗೂ ಇದೇ ಗತಿಯೇ?" ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿ, ಆಮೇಲೆ ಕಾದಂಬರಿಯನ್ನೂ ಮಾಂಗಾವನ್ನೂ ಪಕ್ಕಪಕ್ಕ ಇಟ್ಟುಕೊಂಡು ಮತ್ತೆ ಓದಿದೆ. ನಿಮ್ಮ ಬೇಸರದಲ್ಲಿ ಅರ್ಧದಷ್ಟು ಈಗ ನನ್ನದೂ ಆಗಿದೆ. ಆದರೆ ನೀವು ಹೇಳಿದ ಕಾರಣಕ್ಕಲ್ಲ.

ಪಿಶಾಚಿಗಳನ್ನು ಇಟೊ ಹೊರಗಿನಿಂದ ತಂದರು ಎಂದಿದ್ದೀರಿ. ಅವು ದಜಾಯಿಯವರ ಪುಟಗಳಲ್ಲೇ ಇವೆ. ತಕೇಯಿಚಿಯನ್ನು ನೆನಪಿಸಿಕೊಳ್ಳಿ. ಜನರ ಮೇಲಿನ ಹೆದರಿಕೆಯನ್ನು ಮುಚ್ಚಿಕೊಳ್ಳಲು ಕಥಾನಾಯಕ ಯೋಜೊ ಸದಾ ಕೋಡಂಗಿಯಾಟ ಆಡುತ್ತಿರುತ್ತಾನೆ. ವ್ಯಾಯಾಮದ ತರಗತಿಯಲ್ಲಿ ಬೇಕೆಂದೇ ಜಿಗಿದು ಮರಳಿನ ಮೇಲೆ ದೊಪ್ಪನೆ ಬೀಳುತ್ತಾನೆ. ಎಲ್ಲರೂ ನಗುತ್ತಾರೆ. ಯಾರೂ ಲೆಕ್ಕಕ್ಕಿಡದ ಬಡಕಲು ಹುಡುಗ ತಕೇಯಿಚಿ ಮಾತ್ರ ಹಿಂದಿನಿಂದ ಬೆನ್ನು ತಿವಿದು, ಬೇಕಂತಲೇ ಬಿದ್ದದ್ದು ಎಂದು ಪಿಸುಗುಟ್ಟುತ್ತಾನೆ. ಅದೇ ಹುಡುಗ ಇನ್ನೊಂದು ದಿನ ಒಂದು ಬಣ್ಣದ ಚಿತ್ರ ತಂದು, ಇದು ಪಿಶಾಚಿಯ ಚಿತ್ರ ಎನ್ನುತ್ತಾನೆ. ಅದು ವ್ಯಾನ್ ಗೋ ತನ್ನದೇ ಮುಖವನ್ನು ಬರೆದುಕೊಂಡ ಚಿತ್ರ. ಯೋಜೊಗೆ ಕಣ್ಣು ತುಂಬಿ ಬರುತ್ತದೆ. ಮನುಷ್ಯರಿಗೆ ವಿಪರೀತ ಹೆದರಿದ ಕೆಲವರು ಹಾಡುಹಗಲೇ ಪಿಶಾಚಿಗಳನ್ನು ಕಂಡಿದ್ದಾರೆ, ಕಂಡದ್ದನ್ನು ಮುಚ್ಚಿಡದೆ ಬರೆದಿದ್ದಾರೆ ಎಂದು ಅವನಿಗೆ ಹೊಳೆಯುತ್ತದೆ. ತಾನೂ ಅಂಥದ್ದನ್ನೇ ಬರೆಯುತ್ತೇನೆ ಎಂದುಕೊಳ್ಳುತ್ತಾನೆ. ಗುಟ್ಟಾಗಿ ತನ್ನ ಮುಖವನ್ನು ಬರೆದು ತಕೇಯಿಚಿಗೊಬ್ಬನಿಗೇ ತೋರಿಸುತ್ತಾನೆ. ಆ ಚಿತ್ರಗಳು ಮುಂದೆ ಮನೆಯಿಂದ ಮನೆಗೆ ಹೋಗುವಾಗ ಕಳೆದುಹೋಗುತ್ತವೆ. ಟೋಕಿಯೋದಲ್ಲಿ ಅದೇ ಕೈ ಹೆಂಡದ ಕಾಸಿಗಾಗಿ ಪತ್ರಿಕೆಗಳಿಗೆ ಅಗ್ಗದ ಮಾಂಗಾ ಬರೆಯುತ್ತದೆ.

ಹೌದು, ಮಾಂಗಾ. ಯೋಜೊ ಕೊನೆಗೆ ಮಾಂಗಾ ಬರೆದು ಹೊಟ್ಟೆ ಹೊರೆಯುವವನು. ಹೀಗಿರುವಾಗ ಭಯವನ್ನೇ ಬರೆಯುವ ಮಾಂಗಾಕಾರನೊಬ್ಬ ಆ ಕಳೆದುಹೋದ ಚಿತ್ರಗಳನ್ನು ಹುಡುಕಿಕೊಂಡು ಹೊರಟದ್ದು ನನಗೆ ಅತಿಕ್ರಮಣವಾಗಿ ಕಾಣುವುದಿಲ್ಲ. ಇಟೊ ಮಾಂಗಾಕ್ಕೆ ಬರುವ ಮುಂಚೆ ದಂತ ತಂತ್ರಜ್ಞರಾಗಿ ಕೃತಕ ಹಲ್ಲುಗಳನ್ನು ಮಾಡುತ್ತಿದ್ದವರು. ದವಡೆ ಎಲ್ಲಿ ತಿರುಗುತ್ತದೆ, ನಗುವಾಗ ಯಾವ ಸ್ನಾಯು ಬಿಗಿಯುತ್ತದೆ ಎಂಬುದನ್ನು ಅವರ ಸಪೂರ ಗೆರೆಗಳು ಬಲ್ಲವು. ಯೋಜೊನ ಸುಳ್ಳುನಗೆಯನ್ನು ಬರೆಯಲು ಇಂಥ ಕೈ ಬೇಕಿತ್ತು.

"ಪುಟ ತಿರುಗಿಸಿದರೆ ಸಾಕು, ಧುತ್ತೆಂದು ವಿಕಾರ ಎದುರಾಗುತ್ತದೆ, ಇದು ಅಗ್ಗದ ತಂತ್ರ" ಎಂದೂ ಬರೆದಿದ್ದೀರಿ. ನೀವು ತೆಂಕುತಿಟ್ಟಿನ ಯಕ್ಷಗಾನದ ಆಟ ನೋಡಿ ಬೆಳೆದವರೆಂದು ಪತ್ರದಲ್ಲೇ ಇದೆ. ಬಣ್ಣದ ವೇಷ, ಅಂದರೆ ರಕ್ಕಸ ಪಾತ್ರ, ರಂಗಕ್ಕೆ ಬರುವ ಬಗೆಯನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟಿನ ಉಬ್ಬು ಚುಕ್ಕಿಗಳಾದ ಚಿಟ್ಟಿ ಇಟ್ಟುಕೊಂಡ ಮುಖವನ್ನು ಒಮ್ಮೆಲೇ ತೋರಿಸುವುದಿಲ್ಲ. ತೆರೆ ಹಿಡಿಯುತ್ತಾರೆ. ಅಟ್ಟಹಾಸ ಮೊದಲು, ಕಿರೀಟ ಆಮೇಲೆ, ಮುಖ ಕಟ್ಟಕಡೆಗೆ. ಮಾಂಗಾದಲ್ಲಿ ಆ ತೆರೆಯೇ ಪುಟ. ಬಲದಿಂದ ಎಡಕ್ಕೆ ಓದುತ್ತ ಹೋದಂತೆ ಪುಟದ ಕೊನೆಯ ಚೌಕಟ್ಟಿನಲ್ಲಿ ಯಾರೋ ಬಾಗಿಲ ಕಡೆ ತಿರುಗುತ್ತಾರೆ. ಬಾಗಿಲಲ್ಲಿ ಏನಿದೆ ಎಂಬುದು ಮಗುಚಿದ ಮೇಲೆ. ತೆರೆಯನ್ನು ಸರಿಸುವವರು ನಾವೇ ಆದ್ದರಿಂದ ಹೆದರಿಕೆ ಇನ್ನೂ ಹೆಚ್ಚು. ಕಾದಂಬರಿಗೆ ಈ ಸೌಕರ್ಯವಿಲ್ಲ.

ಇಟೊ ರೂಪಾಂತರ ಮಾಡಿದ್ದು ಇದೊಂದನ್ನೇ ಅಲ್ಲ. ಮೇರಿ ಶೆಲ್ಲಿಯವರ 1818ರ 'ಫ್ರಾಂಕೆನ್‌ಸ್ಟೈನ್' ಅನ್ನೂ ಅವರು ಮಾಂಗಾ ಮಾಡಿದರು. ಅದರ ಇಂಗ್ಲಿಷ್ ಆವೃತ್ತಿಗೆ 2019ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಶಸ್ತಿಯಾದ ಐಸ್ನರ್, ರೂಪಾಂತರಕ್ಕೆಂದೇ ಇರುವ ವಿಭಾಗದಲ್ಲಿ ಬಂತು. ಮೂಲದಲ್ಲಿ ವಿಜ್ಞಾನಿ ವಿಕ್ಟರ್ ತಾನು ಸೃಷ್ಟಿಸಿದ ಜೀವಿಗೆ ಹೆಣ್ಣು ಜೊತೆಯೊಂದನ್ನು ಮಾಡಲು ಕೂರುತ್ತಾನೆ, ಅರ್ಧಕ್ಕೇ ಹರಿದುಹಾಕುತ್ತಾನೆ. ಇಟೊ ಅವಳನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಅವಳಿಗಿರುವುದು ಜಸ್ಟಿನ್‌ಳ ತಲೆ. ಆ ಜಸ್ಟಿನ್ ಯಾರೆಂದು ನಿಮಗೆ ಗೊತ್ತು: ವಿಕ್ಟರನ ತಮ್ಮನನ್ನು ಕೊಂದಳೆಂಬ ಸುಳ್ಳು ಆರೋಪಕ್ಕೆ ನೇಣಿಗೇರಿದ ಮನೆಗೆಲಸದ ಹುಡುಗಿ. ಕೊಂದದ್ದು ತನ್ನ ಸೃಷ್ಟಿಯೇ ಎಂದು ವಿಕ್ಟರನಿಗೆ ಖಾತ್ರಿಯಿತ್ತು, ಆದರೂ ಬಾಯಿ ಬಿಡಲಿಲ್ಲ. ಕಾದಂಬರಿಯಲ್ಲಿ ಆ ಪಾಪಪ್ರಜ್ಞೆ ಪುಟಗಟ್ಟಲೆ ಮಾತಾಗಿ ಹರಿಯುತ್ತದೆ. ಮಾಂಗಾದಲ್ಲಿ ಅದು ಎದ್ದು ಕಣ್ಣು ಬಿಡುತ್ತದೆ. ಶೆಲ್ಲಿ ಬರೆಯದೇ ಇದ್ದದ್ದು ಇದು, ಆದರೆ ಶೆಲ್ಲಿಯ ಕತೆಯೊಳಗಿನ ಒತ್ತಡವೇ ಇದನ್ನು ಹುಟ್ಟಿಸಿದೆ. ಹೀಗೆ ಬದಲಿಸುವ ಹಕ್ಕು ಚಿತ್ರಕಾರನಿಗೆ ಇರಲೇಬೇಕು.

ಇನ್ನು ನಿಮ್ಮ ಬೇಸರದ ಕಡೆಗೆ. 2017ರಿಂದ 2018ರವರೆಗೆ ಬಂದ 'ನಿಂಗೆನ್ ಶಿಕ್ಕಾಕು' ಮಾಂಗಾದಲ್ಲಿ ತಕೇಯಿಚಿ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಅದರ ಹಿಂದೆ ಯೋಜೊನ ಕೈವಾಡವಿದೆ. ಆಮೇಲೆ ಆ ವಿಕಾರ ಮುಖ ಯೋಜೊನನ್ನು ಊರಿಂದೂರಿಗೆ ಅಟ್ಟಿಸಿಕೊಂಡು ಬರುತ್ತದೆ. ದಜಾಯಿಯವರ ತಕೇಯಿಚಿ ಸಾಯುವುದಿಲ್ಲ. ಯೋಜೊ ಊರು ಬಿಟ್ಟ ಮೇಲೆ ಅವನು ಕತೆಯಿಂದಲೇ ಸುಮ್ಮನೆ ಮರೆಯಾಗುತ್ತಾನೆ. ಇಲ್ಲಿ ಇಟೊ ತಪ್ಪಿದರು ಎಂದೇ ನನ್ನ ಅಭಿಪ್ರಾಯ. ಜಸ್ಟಿನ್‌ಳ ಸಾವಿಗೆ ವಿಕ್ಟರ್ ಹೊಣೆ. ಆದ್ದರಿಂದ ಅವಳ ಮುಖ ಅವನೆದುರು ಬಂದು ನಿಲ್ಲುವುದರಲ್ಲಿ ನ್ಯಾಯವಿದೆ. ಯೋಜೊ ಹಾಗಲ್ಲ. ಅವನು ಏನೂ ಮಾಡುವ ಮುಂಚೆಯೇ ಹೆದರಿದವನು. ಊಟಕ್ಕೆ ಕೂತ ಮನೆಯವರನ್ನು ಕಂಡರೂ, ತನಗೇನು ತರಲಿ ಎಂದು ಕೇಳಿದ ಅಪ್ಪನನ್ನು ಕಂಡರೂ ಅವನಿಗೆ ಅಂಜಿಕೆ. ಆ ಅಂಜಿಕೆಗೆ ಕಾರಣವಿಲ್ಲ ಎಂಬುದೇ ಕಾದಂಬರಿಯ ಎದೆಬಡಿತ. ಅದಕ್ಕೊಂದು ಅಪರಾಧವನ್ನೂ ಒಂದು ಪ್ರೇತವನ್ನೂ ಒದಗಿಸಿದ ಕೂಡಲೇ ನಮಗೆ ನಿರಾಳವಾಗಿಬಿಡುತ್ತದೆ. ಓಹೋ, ಇದಕ್ಕಾಗಿ ಹೆದರುತ್ತಿದ್ದಾನೆ ಎಂದು ಅರ್ಥವಾಗುತ್ತದೆ. ಅರ್ಥವಾಗಬಾರದಿತ್ತು.

ಇಟೊ ತಮ್ಮ ಕತೆಯನ್ನು ದಜಾಯಿಯವರ ಸಾವಿನಿಂದಲೇ ಆರಂಭಿಸುವುದು ನಿಮಗೆ ಸರಿಕಂಡಿಲ್ಲ. ಇದನ್ನು ಮಾತ್ರ ನಾನು ಸಮರ್ಥಿಸುತ್ತೇನೆ, ಪತ್ರಿಕೆ ನಡೆಸುವವನಾಗಿ. ಈ ಕಾದಂಬರಿ 'ತೆಂಬೊ' ಎಂಬ ಮಾಸಪತ್ರಿಕೆಯಲ್ಲಿ 1948ರ ಜೂನ್, ಜುಲೈ, ಆಗಸ್ಟ್ ಸಂಚಿಕೆಗಳಲ್ಲಿ ಧಾರಾವಾಹಿಯಾಗಿ ಬಂತು. ಜೂನ್ 13ರಂದು ದಜಾಯಿ ತಮ್ಮ ಜೊತೆಗಾತಿಯೊಂದಿಗೆ ತಮಾಗಾವಾ ಕಾಲುವೆಗೆ ಬಿದ್ದು ತೀರಿಕೊಂಡರು. ಅವರಿಗೆ ಇನ್ನೂ 39 ತುಂಬಿರಲಿಲ್ಲ. ಕೊನೆಯ ಕಂತುಗಳು ಓದುಗರ ಕೈ ಸೇರುವ ಹೊತ್ತಿಗೆ ಬರೆದವರೇ ಇರಲಿಲ್ಲ. ಆ ಕಾದಂಬರಿಯನ್ನು ಅದರ ಮೊದಲ ಓದುಗರು ಸಾವಿನ ಸುದ್ದಿಯ ಜೊತೆಗೇ ಓದಿದ್ದರು.

ಇದೇ ಕಾರಣಕ್ಕೆ, ಇಂಥದ್ದನ್ನು ಮೊಮ್ಮಗಳು ಓದಬಹುದೇ ಎಂಬ ನಿಮ್ಮ ಇನ್ನೊಂದು ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಮೂಲವಾಗಲಿ ಮಾಂಗಾವಾಗಲಿ, ಪಿಯುಸಿ ಓದುವ ಹುಡುಗಿ ಒಬ್ಬಳೇ ಬಾಗಿಲು ಹಾಕಿಕೊಂಡು ಓದಿ ಮುಗಿಸಬೇಕಾದ ಪುಸ್ತಕವಲ್ಲ. ಕಳೆದ ಸಂಚಿಕೆಯ ಲೇಖನದ ಜೊತೆ ಆ ಮಾತನ್ನು ನಾವು ಸೇರಿಸಬೇಕಿತ್ತು. ಸೇರಿಸದ್ದು ನಮ್ಮ ತಪ್ಪು. ಅವಳು ಓದಿದ್ದನ್ನು ನೀವೂ ಓದಿದ್ದೀರಿ ಎಂಬುದು ನನಗೆ ದೊಡ್ಡ ಸಮಾಧಾನ. ದಯವಿಟ್ಟು ಪುಸ್ತಕವನ್ನು ಕಸಿದುಕೊಳ್ಳಬೇಡಿ, ಅವಳ ಜೊತೆ ಮಾತಾಡಿ.

ನಮ್ಮ ಕಾದಂಬರಿಗಳಿಗೂ ಇದೇ ಗತಿಯೇ ಎಂದು ಕೇಳಿದ್ದೀರಿ. ಜಸ್ಟಿನ್‌ಳನ್ನು ಎಬ್ಬಿಸಿದಂಥ ಕೈ ಸಿಗುವುದಾದರೆ ಆಗಲಿ ಎನ್ನುತ್ತೇನೆ, ಆ ದಿನವನ್ನು ಕಾಯುತ್ತೇನೆ.

ಮಕ್ಕಳು ಮೂಲ ಓದುತ್ತಾರೆಯೇ ಎಂಬುದಕ್ಕೆ ನನ್ನದೊಂದು ಸಲಹೆ. ಕಾದಂಬರಿಯ ಮುನ್ನುಡಿಯಲ್ಲಿ ಮೂರು ಫೋಟೋಗಳಿವೆಯಲ್ಲ? ಮೊದಲನೆಯದರಲ್ಲಿ ಮುಷ್ಟಿ ಬಿಗಿದುಕೊಂಡೇ ನಗುವ ಹುಡುಗ. ಎರಡನೆಯದರಲ್ಲಿ ಚೆಲುವ ವಿದ್ಯಾರ್ಥಿ. ಮೂರನೆಯದರಲ್ಲಿ ಕೊಳಕು ಕೋಣೆಯಲ್ಲಿ ಪುಟ್ಟ ಅಗ್ಗಿಷ್ಟಿಕೆಗೆ ಕೈ ಚಾಚಿ ಕೂತ, ವಯಸ್ಸೇ ತಿಳಿಯದ ಮನುಷ್ಯ. ಕಣ್ಣು ಮುಚ್ಚಿದರೆ ಕೋಣೆಯ ಗೋಡೆ ನೆನಪಿರುತ್ತದೆ, ಅಗ್ಗಿಷ್ಟಿಕೆ ನೆನಪಿರುತ್ತದೆ, ಮುಖ ಮಾತ್ರ ಅಳಿಸಿಹೋಗುತ್ತದೆ. ಚಿತ್ರವಾಗದ ಮುಖ, ಮಾಂಗಾ ಕೂಡ ಆಗದ ಮುಖ ಎನ್ನುತ್ತದೆ ಮುನ್ನುಡಿ. ಇಟೊ ಬರೆದ ಯೋಜೊ ಎಷ್ಟು ಚೆಲುವನೆಂದರೆ ಪುಸ್ತಕ ಮುಚ್ಚಿದ ಮೇಲೂ ಕಣ್ಣಲ್ಲಿ ಉಳಿಯುತ್ತಾನೆ. ಅಲ್ಲಿಗೆ ದಜಾಯಿಯವರ ಸವಾಲು ಹಾಗೇ ಉಳಿಯಿತು.

ನಿಮ್ಮ ಮೊಮ್ಮಗಳು ಚಿತ್ರ ಬರೆಯುತ್ತಾಳೆ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ನಿಮ್ಮ ಹಳೆಯ ಪ್ರತಿಯಿಂದ ಆ ಎರಡು ಮೂರು ಪುಟಗಳನ್ನು ಕನ್ನಡದಲ್ಲಿ ಅವಳಿಗೆ ಹೇಳಿ, ಆ ಮೂರನೆಯ ಫೋಟೋವನ್ನು ಬರೆಯಲು ಕೊಡಿ. ಬರೆದದ್ದನ್ನು ನಮಗೆ ಕಳಿಸಿದರೆ ನಿಮ್ಮ ಪತ್ರದ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.

ವಿಶ್ವಾಸದಿಂದ,
ಸಂಪಾದಕ